ಫೋಟೊ ಸಾಕೋ, ವಿಡಿಯೊ ಬೇಕೋ: ಚಿಕ್ಕಮಗಳೂರು, ಹಾಸನ ಕಡೆಯ ಸಣ್ಣ ವ್ಯಾಪಾರಕ್ಕೊಂದು ಹೋಲಿಕೆ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಕಾಫಿಪುಡಿ ಅಂಗಡಿಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ತಿಂಗಳಿಗೊಮ್ಮೆ ಅರ್ಧ ಕೆ.ಜಿ. ಪುಡಿ ಮಾಡಿಸಿಕೊಂಡು ಹೋಗುವ ಊರಿನವರು ಒಂದು ಬಗೆ. ಶನಿವಾರ ಮುಳ್ಳಯ್ಯನಗಿರಿ ನೋಡಿ, ಭಾನುವಾರ ಮಧ್ಯಾಹ್ನ ಬೆಂಗಳೂರಿನ ದಾರಿ ಹಿಡಿಯುವ ಮುಂಚೆ "ಒಳ್ಳೆ ಕಾಫಿಪುಡಿ ಎಲ್ಲಿ ಸಿಗುತ್ತೆ" ಎಂದು ಮೊಬೈಲಿನಲ್ಲಿ ಹುಡುಕುವವರು ಇನ್ನೊಂದು ಬಗೆ. ಊರಿನವರಿಗೆ ಅಂಗಡಿ ಗೊತ್ತು, ಈ ವಾರದ ದರ ಗೊತ್ತಿಲ್ಲ. ಹೊರಗಿನವರಿಗೆ ಅಂಗಡಿ ಎಲ್ಲಿದೆ, ಕಾರು ನಿಲ್ಲಿಸಲು ಜಾಗ ಇದೆಯೋ, ಚಿಕೋರಿ ಎಷ್ಟು ಬೆರೆಸುತ್ತಾರೋ ಯಾವುದೂ ಗೊತ್ತಿಲ್ಲ. ಇಬ್ಬರಿಗೂ ಸೇರಿಸಿ ಒಂದು ರೀಲ್ಸ್ ಮಾಡಿ ಹಾಕಿದರೆ ಇಬ್ಬರಿಗೂ ಉತ್ತರ ಸಿಕ್ಕಿರುವುದಿಲ್ಲ.

ಫೋಟೊನೋ ವಿಡಿಯೊನೋ, ಗೂಗಲ್ಲೋ ಇನ್‌ಸ್ಟಾಗ್ರಾಮೋ, ಸ್ವಂತ ಫೋನೋ ಸ್ಟುಡಿಯೊದವರೋ ಎಂಬ ಮೂರು ಗೊಂದಲಗಳಿಗೂ ಅಳತೆಗೋಲು ಒಂದೇ: ಅಂಗಡಿಗೆ ಬರುವ ಮುಂಚೆ ಗಿರಾಕಿ ಏನು ಕೇಳುತ್ತಾರೆ? ಒಂದು ವಾರ ಫೋನಿಗೆ, ವಾಟ್ಸಾಪಿಗೆ, ಕೌಂಟರಿಗೆ ಬಂದ ಪ್ರಶ್ನೆಗಳನ್ನೆಲ್ಲ ಬಿಲ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಏನು ಶೂಟ್ ಮಾಡಬೇಕು ಎಂಬ ಪಟ್ಟಿ ಅಲ್ಲೇ ಸಿದ್ಧವಾಗಿರುತ್ತದೆ.

ಫೋಟೊ ಗೆಲ್ಲುವುದೆಲ್ಲಿ, ವಿಡಿಯೊ ಗೆಲ್ಲುವುದೆಲ್ಲಿ

"ಏನೇನಿದೆ? ಎಷ್ಟು ರೂಪಾಯಿ? ಅಂಗಡಿ ಎಲ್ಲಿ?" ಎಂಬ ಪ್ರಶ್ನೆಗಳಿಗೆ ಫೋಟೊ. ಗಿರಾಕಿ ಕಣ್ಣಾಡಿಸಿ ಎರಡು ಸೆಕೆಂಡಿನಲ್ಲಿ ನಿರ್ಧಾರ ಮಾಡುತ್ತಾರೆ, ಬೇಕಾದ್ದನ್ನು ಹಿಗ್ಗಿಸಿ ನೋಡುತ್ತಾರೆ, ಮನೆಯವರಿಗೆ ಕಳಿಸುತ್ತಾರೆ. ದರಪಟ್ಟಿಯನ್ನು ವಿಡಿಯೊದಲ್ಲಿ ತೋರಿಸುವಷ್ಟು ವ್ಯರ್ಥ ಕೆಲಸ ಮತ್ತೊಂದಿಲ್ಲ. ಅದನ್ನು ಓದಲು ನಿಲ್ಲಿಸಬೇಕು, ಹಿಂದೆ ತಿರುಗಿಸಬೇಕು, ಅಷ್ಟರಲ್ಲಿ ಬೆರಳು ಮುಂದಿನ ವಿಡಿಯೊಗೆ ಹೋಗಿರುತ್ತದೆ.

"ನೀವು ಹೇಳಿದ್ದು ನಿಜಾನಾ? ಹೇಗೆ ಮಾಡ್ತೀರಿ? ನಿಮ್ಮಲ್ಲಿಗೆ ಬರೋ ದಾರಿ ಹೇಗಿದೆ?" ಎಂಬ ಪ್ರಶ್ನೆಗಳಿಗೆ ವಿಡಿಯೊ. ಅನುಮಾನ ಇರುವ ಕಡೆ, ಚಲನೆ ಇರುವ ಕಡೆ, ಸದ್ದು ಇರುವ ಕಡೆ ಅದಕ್ಕೆ ಸಾಟಿಯಿಲ್ಲ.

ಅರಸೀಕೆರೆ ಕಡೆಯ ಗಾಣದ ಕೊಬ್ಬರಿ ಎಣ್ಣೆಯವರನ್ನೇ ತೆಗೆದುಕೊಳ್ಳಿ. ಬಾಟಲಿಯ ಫೋಟೊ ಎಷ್ಟೇ ಚೆನ್ನಾಗಿದ್ದರೂ ಬೇರೆ ಬಾಟಲಿಗಳ ಹಾಗೇ ಕಾಣುತ್ತದೆ. ಗಿರಾಕಿಗೆ ಇರುವ ಅನುಮಾನ ಕಲಬೆರಕೆಯದು. ಒಣಗಿದ ಕೊಬ್ಬರಿ ಗಾಣಕ್ಕೆ ಬಿದ್ದು, ಹಿಂಡಿ ಒಂದು ಕಡೆ, ಎಣ್ಣೆ ಒಂದು ಕಡೆ ಬರುವುದನ್ನು ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ 40 ಸೆಕೆಂಡು ತೋರಿಸಿದರೆ ಅದೇ ಸಾಕ್ಷಿ. ಇಲ್ಲಿ ಎಡಿಟಿಂಗ್ ಹೆಚ್ಚಾದಷ್ಟೂ ನಂಬಿಕೆ ಕಡಿಮೆಯಾಗುತ್ತದೆ. ಬೈಕ್ ಗ್ಯಾರೇಜಿನವರಿಗೂ ಇದೇ ಮಾತು: ರಿಪೇರಿಗೆ ಮುಂಚಿನ ಎಂಜಿನ್ ಸದ್ದು, ಆಮೇಲಿನ ಸದ್ದು, ಎರಡನ್ನೂ ಪಕ್ಕಪಕ್ಕ ಕೇಳಿಸಿದರೆ ಸಾಕು, ಮಾತೇ ಬೇಡ.

ಹಾಸನದ ಬೇಕರಿಗೆ ನಮ್ಮ ಮತ ಫೋಟೊಗೆ. ಖಾರಾ ಬನ್, ದಿಲ್‌ಪಸಂದ್, ಹನಿ ಕೇಕ್ ಹೇಗಿರುತ್ತದೆ ಎಂದು ಯಾರಿಗೂ ವಿವರಿಸಬೇಕಿಲ್ಲ. ಇವತ್ತು ಇದೆಯೋ, ಬಿಸಿ ಯಾವಾಗ ಬರುತ್ತದೆ, ಹುಟ್ಟುಹಬ್ಬದ ಕೇಕಿಗೆ ಎಷ್ಟು ಹೊತ್ತು ಮುಂಚೆ ಹೇಳಬೇಕು ಎಂಬುದಷ್ಟೇ ಪ್ರಶ್ನೆ. ಕೇಕಿನ ಫೋಟೊದಲ್ಲಿ ತೂಕವೂ ದರವೂ ಇರಲಿ. "1 ಕೆ.ಜಿ. ಕೇಕ್" ಎಂದಾಗ ಅದು ಎಷ್ಟು ದೊಡ್ಡದು ಎಂದು ಗೊತ್ತಾಗಲು ಪಕ್ಕದಲ್ಲಿ ಒಂದು ಊಟದ ತಟ್ಟೆ ಇಡಿ.

ಸೀರೆ ಅಂಗಡಿಗೆ ಎರಡೂ ಬೇಕು. ಬಣ್ಣಕ್ಕೆ ಫೋಟೊ, ಸೆರಗು, ನೆರಿಗೆ ಹೇಗೆ ಬೀಳುತ್ತದೆ ಎಂಬುದಕ್ಕೆ 15 ಸೆಕೆಂಡಿನ ವಿಡಿಯೊ. ಸೀರೆ ವಾಪಸು ಬರಲು ಬಣ್ಣದ ವ್ಯತ್ಯಾಸವೂ ಒಂದು ಕಾರಣವಾದ್ದರಿಂದ ಆ ಫೋಟೊಗೆ ವಿಡಿಯೊಗಿಂತ ಹೆಚ್ಚು ಹೊತ್ತು ಕೊಡಿ.

ಹೋಂಸ್ಟೇ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ದುಡ್ಡು ಹೋಗುವುದೂ ತಪ್ಪಾಗುವುದೂ ಅಲ್ಲೇ. ಬುಕ್ ಮಾಡುವವರು ಕೇಳುವುದು ಕೋಣೆ, ಬಚ್ಚಲುಮನೆ, ಊಟ, ದಾರಿ. ಕೋಣೆ, ಬಚ್ಚಲಿಗೆ ಫೋಟೊ. ಫೋನಿನ 0.5 ಲೆನ್ಸಿನಲ್ಲಿ, ಅಂದರೆ ಅಗಲ ನೋಟದ ಲೆನ್ಸಿನಲ್ಲಿ, ತೆಗೆದರೆ 10 ಅಡಿ ಕೋಣೆ ಕಲ್ಯಾಣ ಮಂಟಪದಂತೆ ಕಾಣುತ್ತದೆ. ಬಂದವರು ಬಾಗಿಲಲ್ಲೇ ಮುಖ ಸಣ್ಣ ಮಾಡುತ್ತಾರೆ, ಹೋಗುವಾಗ ಎರಡು ಸ್ಟಾರ್ ಕೊಟ್ಟು ಹೋಗುತ್ತಾರೆ. 1x ಲೆನ್ಸಿನಲ್ಲೇ, ಕೋಣೆಯ ಮೂಲೆಯಲ್ಲಿ ನಿಂತು, ಎದೆಮಟ್ಟದಲ್ಲಿ ಫೋನ್ ನೆಟ್ಟಗೆ ಹಿಡಿದು ತೆಗೆಯಿರಿ. ಮಂಚ, ಕಿಟಕಿ, ಬಾಗಿಲು ಮೂರೂ ಕಂಡರೆ ಅಳತೆ ತಾನಾಗಿ ತಿಳಿಯುತ್ತದೆ.

ದಾರಿಗೆ ಮಾತ್ರ ವಿಡಿಯೊನೇ. ಮೂಡಿಗೆರೆ, ಸಕಲೇಶಪುರ ಕಡೆಯ ಎಷ್ಟೋ ತೋಟದ ಮನೆಗಳಿಗೆ ಕೊನೆಯ ಒಂದೆರಡು ಕಿ.ಮೀ. ಮಣ್ಣುರಸ್ತೆ. ಡಾಂಬರು ರಸ್ತೆ ಬಿಡುವ ತಿರುವಿನಿಂದ ಗೇಟಿನವರೆಗೆ ಕಾರಿನ ಮುಂದಿನ ಸೀಟಿನಿಂದ ತೆಗೆದು, ನೇರ ದಾರಿಯನ್ನು ವೇಗವಾಗಿ ಓಡಿಸಿ, ತಿರುವುಗಳಲ್ಲಿ ನಿಧಾನ ಮಾಡಿ, ಒಟ್ಟು 60–80 ಸೆಕೆಂಡಿಗೆ ತನ್ನಿ. "ಸಣ್ಣ ಕಾರು ಬರುತ್ತೆ", "ಮಳೆಗಾಲದಲ್ಲಿ ಇಲ್ಲಿಂದ ಜೀಪ್" ಎಂಬ ಮಾತುಗಳು ಪರದೆಯ ಮೇಲೆ ಬರಲಿ. ಬುಕಿಂಗ್ ಆದ ಕೂಡಲೇ ಇದನ್ನು ವಾಟ್ಸಾಪಿನಲ್ಲಿ ಕಳಿಸಿ, ಜೊತೆಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ ಎಂದು ಹೇಳಿ; ನೆಟ್‌ವರ್ಕ್ ಕೈಕೊಡುವುದು ಸರಿಯಾಗಿ ಆ ತಿರುವಿನಲ್ಲೇ. ಈ ವಿಡಿಯೊಗೆ ಲೈಕ್ ಬರುವುದಿಲ್ಲ. ರಾತ್ರಿ ಎಂಟು ಗಂಟೆಗೆ "ಸಾರ್, ದಾರಿ ತಪ್ಪಿದ್ವಿ" ಎಂಬ ಫೋನೂ ಬರುವುದಿಲ್ಲ.

ಎಲ್ಲಿ ಹಾಕುವುದು

ಹೆಚ್ಚಿನವರು ಇನ್‌ಸ್ಟಾಗ್ರಾಮಿನಿಂದ ಶುರುಮಾಡುತ್ತಾರೆ. ನಾವು ಹೇಳುವ ಕ್ರಮ ಬೇರೆ: ಮೊದಲು ಗೂಗಲ್ ಮ್ಯಾಪ್, ಆಮೇಲೆ ವಾಟ್ಸಾಪ್ ಬಿಸಿನೆಸ್, ಇವೆರಡೂ ಸರಿಯಾದ ಮೇಲೆ ಇನ್‌ಸ್ಟಾಗ್ರಾಮ್. ಕಾರಣ ಸರಳ. ಮ್ಯಾಪಿನಲ್ಲಿ ಹುಡುಕುವವರು ಆಗಲೇ ಕೊಳ್ಳಲು ಹೊರಟಿದ್ದಾರೆ. ರೀಲ್ಸ್ ನೋಡುವವರು ಹೊತ್ತು ಕಳೆಯುತ್ತಿದ್ದಾರೆ.

ಅಂಗಡಿ ಮ್ಯಾಪಿನಲ್ಲಿ ಕಾಣಲು ಬೇಕಾದ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಫೋಟೊ ಜೆಪಿಜಿ ಅಥವಾ ಪಿಎನ್‌ಜಿ ಆಗಿರಬೇಕು, 10 ಕೆ.ಬಿ.ಯಿಂದ 5 ಎಂ.ಬಿ. ಒಳಗಿರಬೇಕು, ಅಳತೆ 720×720 ಪಿಕ್ಸೆಲ್ ಅಥವಾ ಹೆಚ್ಚಿದ್ದರೆ ಒಳ್ಳೆಯದು. ವಿಡಿಯೊ 30 ಸೆಕೆಂಡು, 75 ಎಂ.ಬಿ. ಮೀರುವಂತಿಲ್ಲ. ಮೊದಲ ಫೋಟೊ ಅಂಗಡಿಯ ಮುಂಭಾಗದ್ದು: ಬೋರ್ಡು, ಪಕ್ಕದ ಅಂಗಡಿಯ ಒಂದಿಷ್ಟು ಭಾಗ, ಗಾಡಿ ನಿಲ್ಲಿಸುವ ಜಾಗ ಮೂರೂ ಕಾಣಬೇಕು. ರಸ್ತೆಯ ಎರಡೂ ದಿಕ್ಕಿನಿಂದ ಒಂದೊಂದು, ಸಂಜೆ ಬೋರ್ಡಿನ ದೀಪ ಹಚ್ಚಿದ ಮೇಲೆ ಇನ್ನೊಂದು. ಬೋರ್ಡಿಗೆ ತೀರಾ ಹತ್ತಿರ ನಿಂತು ತೆಗೆದ ಫೋಟೊ ಹೊಸಬರಿಗೆ ಗುರುತು ಹಿಡಿಯಲು ಉಪಯೋಗವಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ ತೆಗೆಯಿರಿ. ಅಂಗಡಿಯ ಹೆಸರು ಬೋರ್ಡಿನಲ್ಲಿ ಹೇಗಿದೆಯೋ ಮ್ಯಾಪಿನಲ್ಲೂ ಹಾಗೇ ಇರಲಿ. ಮಲೆನಾಡಿನಲ್ಲಿ ಪಿನ್ ಅರ್ಧ ಕಿ.ಮೀ. ಆಚೆ, ಯಾರದೋ ತೋಟದ ಮಧ್ಯೆ ಬಿದ್ದಿರುವುದು ಮಾಮೂಲಿ. ಅದನ್ನು ಸರಿಮಾಡದೆ ಫೋಟೊ ಹಾಕಿದರೆ ಗಿರಾಕಿ ಚೆಂದದ ಫೋಟೊ ನೋಡಿಕೊಂಡೇ ದಾರಿ ತಪ್ಪುತ್ತಾರೆ.

ಗಿರಾಕಿಗಳು ಹಾಕಿದ ಫೋಟೊವನ್ನು ಅಳಿಸುವ ಅಧಿಕಾರ ನಿಮಗಿಲ್ಲ. ನಿಯಮ ಮೀರಿದ್ದರೆ ಗೂಗಲ್‌ಗೆ ವರದಿ ಮಾಡಬಹುದು, ಅಷ್ಟೇ. ಮಬ್ಬಾದ ತಟ್ಟೆ, ಕೊಳೆ ಟೇಬಲ್ಲಿನ ಫೋಟೊ ಒಂದು ಸೇರಿಕೊಂಡರೆ ಅದರ ಜೊತೆ ಒಳ್ಳೆಯವು ಹತ್ತಾದರೂ ಇರುವಂತೆ ನೋಡಿಕೊಳ್ಳುವುದೇ ಉಪಾಯ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ, ದೀಪಾವಳಿಯ ಆಸುಪಾಸಿನಲ್ಲಿ, ಹಾಸನಕ್ಕೆ ಬರುವವರೆಲ್ಲ ಹೋಟೆಲು, ಲಾಡ್ಜು ಹುಡುಕುವುದು ಮ್ಯಾಪಿನಲ್ಲೇ. ಆ ವಾರಕ್ಕೆ ಮುಂಚೆಯೇ ತೆರೆದಿರುವ ಹೊತ್ತು, ಊಟದ ದರ, ಪಾರ್ಕಿಂಗ್ ಫೋಟೊ ಹೊಸದಾಗಿ ಹಾಕಿಡಿ.

ವಾಟ್ಸಾಪ್ ಬಿಸಿನೆಸ್ ಊರಿನ ಗಿರಾಕಿಗೆ. ಅದರ ಕ್ಯಾಟಲಾಗಿನಲ್ಲಿ 500 ಸಾಮಾನುಗಳವರೆಗೆ, ಒಂದೊಂದಕ್ಕೆ 10 ಫೋಟೊದವರೆಗೆ ಹಾಕಬಹುದು. ಸಣ್ಣ ಅಂಗಡಿಗೆ 20–30 ಧಾರಾಳ. ಸ್ಟೇಟಸ್ 24 ಗಂಟೆ ಇರುತ್ತದೆ, ಬೆಳಿಗ್ಗೆ "ಇವತ್ತು ಬಂದದ್ದು" ಎಂದು ಒಂದು ಫೋಟೊ ಸಾಕು. ಇಲ್ಲೊಂದು ತೊಡಕಿದೆ: ನಿಮ್ಮ ನಂಬರನ್ನು ಗಿರಾಕಿ, ಗಿರಾಕಿಯ ನಂಬರನ್ನು ನೀವು, ಇಬ್ಬರೂ ಸೇವ್ ಮಾಡಿಕೊಂಡಿದ್ದರೆ ಮಾತ್ರ ಸ್ಟೇಟಸ್ ಕಾಣುತ್ತದೆ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೂ ಹಾಗೇ; ಒಂದು ಪಟ್ಟಿಗೆ 256 ಜನ, ಅದರಲ್ಲೂ ನಿಮ್ಮ ನಂಬರ್ ಸೇವ್ ಇರುವವರಿಗಷ್ಟೇ ತಲುಪುತ್ತದೆ. ಆದ್ದರಿಂದ ಬಿಲ್ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ದರ ಸ್ಟೇಟಸ್‌ನಲ್ಲಿ ಹಾಕ್ತೀವಿ" ಎನ್ನುವುದು ನೂರು ಪೋಸ್ಟಿಗೆ ಸಮ. ದಿನಕ್ಕೆ ಹದಿನೈದು ಸ್ಟೇಟಸ್ ಹಾಕಿದರೆ ಜನ ಮ್ಯೂಟ್ ಮಾಡುತ್ತಾರೆ, ಮಾಡಿದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಇನ್‌ಸ್ಟಾಗ್ರಾಮ್ ಹೊರಗಿನವರಿಗೆ: ಹೋಂಸ್ಟೇ, ಕಾಫಿಪುಡಿ, ಚಾಕಲೇಟು, ಕೊರಿಯರ್ ಮಾಡಬಲ್ಲ ಯಾವುದೇ ಸಾಮಾನು. ಟೈಲರ್ ಅಂಗಡಿಗೂ ಮೆಸ್ಸಿಗೂ ಇದು ಎರಡನೆಯ ಮಾತು. ರೀಲ್ಸ್ ಉದ್ದುದ್ದ, 1080×1920. ಮೇಲಿನ ಅಂಚಿನಲ್ಲೂ ಕೆಳಗಿನ ಸುಮಾರು ಕಾಲುಭಾಗದಲ್ಲೂ ಆ್ಯಪಿನ ಬಟನ್, ಹೆಸರು, ಕ್ಯಾಪ್ಷನ್ ಬಂದು ಕೂರುತ್ತವೆ. ದರ, ಫೋನ್ ನಂಬರ್ ಮಧ್ಯದಲ್ಲಿರಲಿ. ಶುರುವಿನಲ್ಲಿ ಲೋಗೊ ತಿರುಗಿಸುವುದು, "ನಮಸ್ಕಾರ ಸ್ನೇಹಿತರೇ" ಎನ್ನುವುದು ಬೇಡ. ಮೊದಲ ಎರಡು ಸೆಕೆಂಡಿನಲ್ಲೇ ಹುರಿದ ಬೀಜ ಯಂತ್ರದಿಂದ ಸುರಿಯಲಿ, ಹೆಸರು ಆಮೇಲೆ ಬರಲಿ.

ಹಾಡಿನ ವಿಷಯ: ಬಿಸಿನೆಸ್ ಖಾತೆಗೆ ಮಾಡಿಕೊಂಡ ಮೇಲೆ ಸಿನಿಮಾ ಹಾಡುಗಳು ಕಾಣದೆ ಹೋಗುತ್ತವೆ ಎಂದು ಹಲವರು ತಲೆಕೆಡಿಸಿಕೊಳ್ಳುತ್ತಾರೆ. ಅದು ಕೆಟ್ಟದ್ದಲ್ಲ, ಹಕ್ಕುಸ್ವಾಮ್ಯದ ಕಾರಣಕ್ಕೆ ಇರುವ ನಿರ್ಬಂಧ. ವ್ಯಾಪಾರದ ಜಾಹೀರಾತಿಗೆ ಅನುಮತಿಯಿಲ್ಲದೆ ಸಿನಿಮಾ ಹಾಡು ಹಾಕಿದರೆ ಸದ್ದು ಬಂದ್ ಆಗಬಹುದು, ವಿಡಿಯೊನೇ ತೆಗೆಯಬಹುದು. ಹುರಿಯುವ ಯಂತ್ರದ ಸದ್ದು, ಕಾವಲಿಯ ಮೇಲೆ ಅಕ್ಕಿರೊಟ್ಟಿ ತಟ್ಟುವ ಸದ್ದು ಇರುವಾಗ ಹಾಡು ಯಾಕೆ ಬೇಕು?

ಯೂಟ್ಯೂಬ್ ನಿಧಾನದ ದಾರಿ. ವರ್ಷಗಟ್ಟಲೆ ಹುಡುಕಾಟದಲ್ಲಿ ಸಿಗುವಂಥ ವಿಷಯ ಇದ್ದರೆ ಮಾತ್ರ ಕೈಹಾಕಿ: ನರ್ಸರಿಯವರು ಕಾಳುಮೆಣಸಿನ ಬಳ್ಳಿ ನೆಡುವುದನ್ನು ತೋರಿಸುವುದು, ಪಂಪ್‌ಸೆಟ್ ರಿಪೇರಿಯವರು ಮೋಟಾರ್ ಸುಡುವ ಕಾರಣ ಹೇಳುವುದು. ಬಟ್ಟೆ ಅಂಗಡಿಗೆ ಬೇಡ. ಫೇಸ್‌ಬುಕ್ಕಿಗೆ ಬೇರೆ ಕೆಲಸ ಮಾಡಬೇಡಿ, ಇನ್‌ಸ್ಟಾಗ್ರಾಮಿನದ್ದೇ ಅಲ್ಲಿಗೂ ಹೋಗುವಂತೆ ಜೋಡಿಸಿ.

ಯಾರು ತೆಗೆಯಬೇಕು: ನೀವೋ, ಸ್ಟುಡಿಯೊದವರೋ, ಪೇಜಿನವರೋ

ದಿನಾ ಬದಲಾಗುವುದನ್ನು ನೀವೇ ತೆಗೆಯಿರಿ. ವರ್ಷವಿಡೀ ಉಳಿಯುವುದನ್ನು ಸ್ಟುಡಿಯೊದವರಿಂದ ತೆಗೆಸಿ. ಇವತ್ತಿನ ಕೇಕ್, ಹೊಸ ಸೀರೆ ಫೋನಿನ ಕೆಲಸ; ಹೋಂಸ್ಟೇ ಕೋಣೆ, ಪ್ಯಾಕೆಟ್ಟಿನ ಮೇಲೆ ಅಚ್ಚಾಗುವ ಫೋಟೊ, ಬಸ್‌ಸ್ಟ್ಯಾಂಡಿನ ಫ್ಲೆಕ್ಸಿಗೆ ಹೋಗುವ ಫೋಟೊ ಕ್ಯಾಮೆರಾದ ಕೆಲಸ.

ಸ್ಟುಡಿಯೊದವರನ್ನು ಕರೆಸುವ ಕಾಲಕ್ಕೂ ಒಂದು ಲೆಕ್ಕವಿದೆ. ಮದುವೆ ಮುಹೂರ್ತಗಳ ತಿಂಗಳಲ್ಲಿ ಅವರು ಸಿಗುವುದಿಲ್ಲ, ಸಿಕ್ಕರೂ ರಾತ್ರಿಯೆಲ್ಲ ಆರತಕ್ಷತೆ ಮುಗಿಸಿ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಬರುತ್ತಾರೆ. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆ ಇರುವುದಿಲ್ಲ, ಬಿಡುವಿರುತ್ತದೆ, ಚೌಕಾಸಿಗೂ ಬರುತ್ತಾರೆ. ಆಷಾಢ ಮಳೆಯ ಕಾಲ. ಒಳಾಂಗಣ, ಸಾಮಾನಿನ ಫೋಟೊಗೆ ಆಗುತ್ತದೆ. ಧನುರ್ಮಾಸ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ, ಕಾಫಿ ಕುಯ್ಲಿನ ಹೊತ್ತು: ಗಿಡದಲ್ಲಿ ಕೆಂಪು ಹಣ್ಣು, ಕಣದಲ್ಲಿ ಒಣಗುವ ಕಾಫಿ, ಬೆಳಗಿನ ಮಂಜು, ಹತ್ತು ಗಂಟೆಯ ಮೇಲೆ ತಿಳಿ ಆಕಾಶ. ಕಾಫಿ ವ್ಯಾಪಾರದವರೂ ತೋಟದ ಹೋಂಸ್ಟೇಯವರೂ ವರ್ಷಕ್ಕೊಮ್ಮೆ ಕ್ಯಾಮೆರಾದವರಿಗೆ ದುಡ್ಡು ಕೊಡುವುದಾದರೆ ಆಗಲೇ ಕೊಡಬೇಕು.

ಮುಂಗಡ ಕೊಡುವ ಮುಂಚೆ ನಾಲ್ಕು ಮಾತು ಇತ್ಯರ್ಥವಾಗಲಿ: ಎಡಿಟ್ ಆದ ಫೋಟೊ ಎಷ್ಟು, ಎಷ್ಟು ದಿನದಲ್ಲಿ, ಅಡ್ಡ ಮತ್ತು ಉದ್ದ ಎರಡೂ ಅಳತೆಯಲ್ಲಿ ಸಿಗುತ್ತದೆಯೇ, ಮೂಲ ಫೈಲ್ ಕೊಡುತ್ತಾರೆಯೇ. ಫೈಲನ್ನು ಪೆನ್‌ಡ್ರೈವಿನಲ್ಲೋ ಗೂಗಲ್ ಡ್ರೈವಿನಲ್ಲೋ ತೆಗೆದುಕೊಳ್ಳಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಫ್ಲೆಕ್ಸಿಗೆ ಹಿಗ್ಗಿಸಿದಾಗ ಚೌಕಚೌಕ ಕಾಣುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಇನ್ನೊಂದು, ಮದುವೆ ತೆಗೆದು ಕೈ ಪಳಗಿದವರಿಗೆ ಸ್ಲೋಮೋಷನ್ ಮೇಲೆ ಮೋಹ ಜಾಸ್ತಿ. ಕಾಫಿಪುಡಿ ಪೊಟ್ಟಣ ಮದುಮಗಳ ಹಾಗೆ ನಿಧಾನವಾಗಿ ತಿರುಗಬೇಕಾಗಿಲ್ಲ, ಲೇಬಲ್ ಓದಲು ಬರಬೇಕು ಎಂದು ಮೊದಲೇ ಹೇಳಿ. ಚಿಕೋರಿ ಬೆರೆಸಿದ ಪುಡಿಯಾದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟು ಎಂಬ ಸಾಲು ಲೇಬಲ್ ಮೇಲೆ ಇರಲೇಬೇಕು, ಕಾಫಿ 51ಕ್ಕಿಂತ ಕಡಿಮೆ ಇರುವಂತಿಲ್ಲ. ಆ ಸಾಲು ಸ್ಪಷ್ಟ ಕಾಣುವ ಒಂದು ಫೋಟೊ ಹತ್ತು ಪ್ರಶ್ನೆಗೆ ಉತ್ತರ.

ಇನ್ನು ದುಡ್ಡು ತೆಗೆದುಕೊಂಡು ತಮ್ಮ ಖಾತೆಯಲ್ಲಿ ನಿಮ್ಮ ಅಂಗಡಿಯ ರೀಲ್ಸ್ ಹಾಕುವ ಇನ್‌ಸ್ಟಾಗ್ರಾಮ್ ಪೇಜಿನವರು. "ಲಕ್ಷ ವ್ಯೂಸ್ ಬರುತ್ತೆ" ಎನ್ನುತ್ತಾರೆ, ಬರಲೂಬಹುದು. ಆ ಲಕ್ಷ ಜನ ಎಲ್ಲಿದ್ದಾರೆ ಎಂಬುದು ನಿಮ್ಮ ಪ್ರಶ್ನೆಯಾಗಲಿ. ಅವರ ಖಾತೆಯ ಇನ್‌ಸೈಟ್ಸ್‌ನಲ್ಲಿ ಯಾವ ಊರಿನವರು ಹೆಚ್ಚು ಎಂದು ತೋರಿಸುತ್ತದೆ; ಅದರ ಸ್ಕ್ರೀನ್‌ಶಾಟ್ ಕೇಳಿ, ಕೊಡಲು ಹಿಂಜರಿದರೆ ಬಿಡಿ. ನೋಡುವವರಲ್ಲಿ ಬೆಂಗಳೂರಿನವರು ಹೆಚ್ಚಿದ್ದರೆ ಹೋಂಸ್ಟೇಗೆ ಲಾಭ, ಹಾಸನದ ಮೆಸ್ಸಿಗೆ ಒಂದು ಊಟವೂ ಹೆಚ್ಚಾಗುವುದಿಲ್ಲ. ದುಡ್ಡು ಕೊಟ್ಟು ಮಾಡಿಸಿದ್ದನ್ನು ಜಾಹೀರಾತು ಎಂದು ಕಾಣುವಂತೆ ಹಾಕಬೇಕು ಎಂಬುದು ಗ್ರಾಹಕ ರಕ್ಷಣೆಯ ನಿಯಮ. ಪೇಜಿಗೆ ಕೊಡುವ ಅದೇ ದುಡ್ಡಿನಲ್ಲಿ ನಿಮ್ಮದೇ ರೀಲ್ಸ್‌ಗೆ ಪ್ರಚಾರ ಕೊಟ್ಟು, ಸ್ಥಳ ಆಯ್ಕೆಯಲ್ಲಿ ಹಾಸನದ ಸುತ್ತ 10–15 ಕಿ.ಮೀ. ಎಂದು ಗುರುತು ಮಾಡಬಹುದು. ಊರೊಳಗಿನ ವ್ಯಾಪಾರಕ್ಕೆ ಇದೇ ಮೇಲು.

ಫೋನಿನಲ್ಲೇ ತೆಗೆಯುವವರಿಗೆ: ಹಾಳಾಗುವುದೆಲ್ಲಿ

ಮೊದಲು ಲೆನ್ಸ್ ಒರೆಸಿ. ಅಡುಗೆಮನೆ, ಬೇಕರಿಯಲ್ಲಿ ಇರುವ ಫೋನಿನ ಲೆನ್ಸ್ ಮೇಲೆ ಜಿಡ್ಡು ಕೂತಿರುತ್ತದೆ. ದೀಪದ ಸುತ್ತ ಹೊಗೆಯಂತೆ ಕಾಣುವುದು ಅದಕ್ಕೇ.

ಬೆಳಕಿಗೆ ಕಿಟಕಿ ಸಾಕು. ಸಾಮಾನನ್ನು ಕಿಟಕಿಯ ಪಕ್ಕ ಇಟ್ಟು, ಬೆಳಕು ಒಂದು ಮಗ್ಗುಲಿಂದ ಬೀಳುವಂತೆ ಮಾಡಿ, ಇನ್ನೊಂದು ಮಗ್ಗುಲಿಗೆ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಆಗ ಕೋಣೆಯ ಟ್ಯೂಬ್‌ಲೈಟ್ ಆರಿಸಲೇಬೇಕು. ಕಿಟಕಿಯ ಬೆಳಕು ಒಂದು ಬಣ್ಣ, ಟ್ಯೂಬ್‌ಲೈಟ್ ಇನ್ನೊಂದು, ಹಳದಿ ಬಲ್ಬ್ ಮತ್ತೊಂದು. ಮೂರೂ ಸೇರಿದರೆ ಸೀರೆಯ ಮೆರೂನ್ ಯಾವ ಬಣ್ಣ ಎಂದು ಫೋನಿಗೇ ತಿಳಿಯುವುದಿಲ್ಲ. ಸೀರೆಯನ್ನು ಬಿಸಿಲಿಗಲ್ಲ, ಜಗಲಿಯ ನೆರಳಿಗೆ ತಂದು, ಬ್ಯೂಟಿ ಮತ್ತು ಎಐ ಎಂದು ಬರೆದಿರುವುದನ್ನೆಲ್ಲ ಆಫ್ ಮಾಡಿ ತೆಗೆಯಿರಿ. ಅಂಚಿನಲ್ಲಿ ಒಂದು ಬಿಳಿ ಹಾಳೆ ಇಟ್ಟು ಒಂದು ಫೋಟೊ ತೆಗೆದರೆ, ಆ ಹಾಳೆ ಫೋಟೊದಲ್ಲೂ ಬಿಳಿಯಾಗಿದೆಯೋ ನೋಡಿ ಬಣ್ಣ ಪರೀಕ್ಷೆ ಮಾಡಬಹುದು.

ಕಪ್ಪು ಮತ್ತು ಬಿಳಿ ಸಾಮಾನು ಫೋನನ್ನು ಮೋಸಗೊಳಿಸುತ್ತವೆ. ಚೌಕಟ್ಟಿನ ತುಂಬ ಇರುವುದನ್ನೆಲ್ಲ ಫೋನ್ ನಡುಮಟ್ಟದ ಬೂದಿಗೆ ತರಲು ನೋಡುತ್ತದೆ. ಹಾಗಾಗಿ ಕಾಫಿಪುಡಿ ಬಿಳಿಚಿಕೊಂಡು ಕೆಮ್ಮಣ್ಣಿನಂತೆ ಕಾಣುತ್ತದೆ; ಒತ್ತುಶಾವಿಗೆ, ಕಡುಬು, ಬೆಣ್ಣೆ ಹಿಂದಿನ ದಿನದ್ದರಂತೆ ಮಂಕಾಗುತ್ತವೆ. ಪರದೆಯ ಮೇಲೆ ಸಾಮಾನನ್ನು ಒತ್ತಿ ಹಿಡಿಯಿರಿ, ಫೋಕಸ್ ಲಾಕ್ ಆಗುತ್ತದೆ, ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ. ಕಾಫಿಪುಡಿಗೆ ಅದನ್ನು ಸ್ವಲ್ಪ ಕೆಳಕ್ಕೆ, ಶಾವಿಗೆಗೆ ಸ್ವಲ್ಪ ಮೇಲಕ್ಕೆ ಎಳೆಯಿರಿ. ಫಿಲ್ಟರ್ ಕಾಫಿಯ ಹಬೆ ಕಾಣಬೇಕಾದರೆ ಬೆಳಕು ಲೋಟದ ಹಿಂಬದಿಯಿಂದ ಬರಬೇಕು, ಹಿನ್ನೆಲೆ ಗಾಢವಾಗಿರಬೇಕು. ಬಿಳಿ ಗೋಡೆಯ ಮುಂದೆ ಎಷ್ಟು ಬಿಸಿ ಕಾಫಿ ಇಟ್ಟರೂ ಹಬೆ ಕಾಣುವುದಿಲ್ಲ.

ಬೇಕರಿಯ ಗಾಜಿನ ಕಪಾಟನ್ನು ದೂರದಿಂದ ತೆಗೆದರೆ ಒಳಗಿನ ಬನ್ನಿಗಿಂತ ಹೊರಗಿನ ಬಸ್ಸು ಚೆನ್ನಾಗಿ ಕಾಣುತ್ತದೆ. ಫೋನನ್ನು ಗಾಜಿಗೇ ತಾಗಿಸಿ ಹಿಡಿದು, ಸುತ್ತ ಕಪ್ಪು ಬಟ್ಟೆಯೋ ಕೊಡೆಯೋ ಅಡ್ಡ ಮಾಡಿ.

ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ಮೇಲಿನಿಂದ ಕೆಳಕ್ಕೆ ಹರಿಯುತ್ತವೆಯೇ? ಅದು ಫೋನಿನ ದೋಷವಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಫೋನ್ ಸೆಕೆಂಡಿಗೆ 30 ಚಿತ್ರ ತೆಗೆಯುವಾಗ ತಾಳ ತಪ್ಪುತ್ತದೆ. ಕ್ಯಾಮೆರಾದ ಪ್ರೊ ವಿಡಿಯೊದಲ್ಲಿ ಶಟರ್ 1/50 ಅಥವಾ 1/100 ಮಾಡಿ, 25 ಚಿತ್ರದ ಆಯ್ಕೆ ಇದ್ದರೆ ಅದನ್ನೇ ಇಡಿ. ಕೆಲವು ಫೋನಿನ ಸೆಟ್ಟಿಂಗ್‌ನಲ್ಲಿ ಆ್ಯಂಟಿ ಫ್ಲಿಕರ್ 50 ಹರ್ಟ್ಸ್ ಎಂದೇ ಇರುತ್ತದೆ. ಯಾವುದೂ ಇಲ್ಲದಿದ್ದರೆ ಹಗಲು ಬೆಳಕಿಗೆ ಬನ್ನಿ. 4ಕೆ ಹುಚ್ಚು ಬೇಡ, 1080 ಸಾಕು. ಫೋನೂ ತುಂಬುವುದಿಲ್ಲ, ನಮ್ಮ ಕಡೆಯ ನೆಟ್‌ವರ್ಕಿನಲ್ಲಿ ಅಪ್‌ಲೋಡೂ ಮುಗಿಯುತ್ತದೆ.

ಚಿತ್ರ ಸ್ವಲ್ಪ ಅಲುಗಿದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಬಿಟ್ಟುಹೋಗುತ್ತಾರೆ. ಮೊದಲ ಖರ್ಚು ಟ್ರೈಪಾಡ್ ಅಲ್ಲ, ಕಾಲರ್ ಮೈಕ್. ತಂತಿಯದ್ದು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕೊಳ್ಳುವಾಗ ಪಿನ್ ನೋಡಿ. ಟೈಪ್-ಸಿ ಮಾತ್ರ ಇರುವ ಫೋನಿಗೆ ಉರುಟು ಪಿನ್ನಿನ ಮೈಕ್ ತಂದರೆ ಕನ್ವರ್ಟರಿಗೆ ಮತ್ತೆ ಓಡಬೇಕು. ಶೀಟಿನ ಮಾಡಿನ ಕೆಳಗೆ ಮಳೆ ಹೊಯ್ಯುವಾಗ ಮಾತಾಡುವ ಸಾಹಸ ಮಾಡಬೇಡಿ. ಚಿತ್ರ ತೆಗೆದುಕೊಂಡು, ಧ್ವನಿಯನ್ನು ಬಟ್ಟೆ ತುಂಬಿದ ಬೀರು ಇರುವ ಕೋಣೆಯಲ್ಲಿ ಆಮೇಲೆ ಸೇರಿಸಿ.

ಪರದೆಯ ಮೇಲೆ ಕನ್ನಡ ಬರೆಯುವಾಗ ಒಂದು ಎಚ್ಚರ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆಯುತ್ತದೆ, "ಚಿಕ್ಕಮಗಳೂರು" ಎಂಬುದು "ಚಿಕ್‌ಕಮಗಳೂರು" ಆಗಿ ಕೂರುತ್ತದೆ. "ಖರ್ಜೂರ", "ಅರ್ಧ"ದ ಅರ್ಕಾವೊತ್ತು ಎಲ್ಲೋ ಹೋಗುತ್ತದೆ. ಬೇರೆ ಫಾಂಟ್ ಹಾಕಿ ನೋಡಿ. ಆಗಲೂ ಸರಿಹೋಗದಿದ್ದರೆ ಆ ಸಾಲನ್ನು ಕನ್ನಡ ಸರಿಯಾಗಿ ಬರುವ ಇನ್ನೊಂದು ಆ್ಯಪಿನಲ್ಲಿ ಟೈಪ್ ಮಾಡಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ ವಿಡಿಯೊ ಮೇಲೆ ಅಂಟಿಸಿ. ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಅಲ್ಲಿನ ಅಂಗಡಿಯವರು ಕನ್ನಡದ ಕೆಳಗೆ ಒಂದು ಸಾಲು ಇಂಗ್ಲಿಷ್ ಹಾಕುವುದು ಒಳ್ಳೆಯದು.

ಕಾಲ, ಡ್ರೋನ್, ಅನುಮತಿ

ಕಾಫಿ ಹೂವಿನ ಫೋಟೊವನ್ನು ಹೋಂಸ್ಟೇಯ ಮುಖಚಿತ್ರ ಮಾಡಬೇಡಿ. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತದೆ, ಕೆಲವೇ ದಿನದಲ್ಲಿ ಕಂದುತ್ತದೆ. ಮೇ ತಿಂಗಳಲ್ಲಿ ಬಂದವರು "ಹೂವೆಲ್ಲಿ" ಎಂದು ಕೇಳಿದರೆ ಏನು ಹೇಳುತ್ತೀರಿ? ಜುಲೈನ ಹಸಿರು, ಜರಿ ನೋಡಿ ಏಪ್ರಿಲ್‌ನಲ್ಲಿ ಬಂದವರದ್ದೂ ಇದೇ ಕಥೆ. ಋತುವಿನ ಫೋಟೊಗಳಿಗೆ ತಿಂಗಳ ಹೆಸರು ಹಾಕಿ. ಮಳೆಗಾಲದ ಫೋಟೊ ಜೊತೆ ಜಿಗಣೆ ಇರುತ್ತದೆ ಎಂದೂ ಬರೆದರೆ ಒಬ್ಬಿಬ್ಬರು ಹಿಂದೆ ಸರಿಯಬಹುದು. ಬಂದವರು ಮಾತ್ರ ಸಿಟ್ಟಾಗುವುದಿಲ್ಲ.

ಡ್ರೋನ್ ಶಾಟ್ ತೋಟದ ವಿಸ್ತಾರ ತೋರಿಸಲು ಚೆನ್ನ, ಆದರೆ ಕೋಣೆ ಬುಕ್ ಮಾಡಿಸುವುದು ಅದಲ್ಲ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ; ಅದಕ್ಕಿಂತ ದೊಡ್ಡದನ್ನು ವ್ಯಾಪಾರಕ್ಕೆ ಹಾರಿಸುವವರ ಬಳಿ ಇರಬೇಕು, ಕೇಳಿ ನೋಡಿ. ಹಾರಿಸುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ಎಂಬ ಆನ್‌ಲೈನ್ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ವಲಯದಲ್ಲಿದೆ ಎಂದೂ ನೋಡಬೇಕು. ಕಾಡಂಚಿನ ತೋಟವಾದರೆ ಅರಣ್ಯ ಇಲಾಖೆಯನ್ನು ವಿಚಾರಿಸದೆ ಹಾರಿಸಬೇಡಿ. ಬೇಲೂರು, ಹಳೇಬೀಡು ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ; ಅಲ್ಲಿ ಟ್ರೈಪಾಡ್ ಇಟ್ಟು, ಸೀರೆ ಉಡಿಸಿ ಜಾಹೀರಾತು ತೆಗೆಯುವುದಕ್ಕೆ ಮೊದಲೇ ಅನುಮತಿ ಬೇಕು.

ಗಿರಾಕಿಯ ಮುಖ ಹಾಕುವ ಮುಂಚೆ ಕೇಳಿ, ಮಕ್ಕಳಾದರೆ ಹೆತ್ತವರನ್ನು ಕೇಳಿ. ತೋಟದ ಕೆಲಸದವರನ್ನೂ ಕೇಳಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಕೆಲಸ ಮಾಡಿತೋ ಇಲ್ಲವೋ

ವ್ಯೂಸ್ ಎಣಿಸಬೇಡಿ. ಗೂಗಲ್ ಪ್ರೊಫೈಲಿನ ಪರ್ಫಾರ್ಮೆನ್ಸ್ ಪುಟದಲ್ಲಿ ಎಷ್ಟು ಜನ ಕರೆ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಎಂದು ತಿಂಗಳ ಲೆಕ್ಕ ಸಿಗುತ್ತದೆ. ಹೊಸ ಫೋಟೊ ಹಾಕುವ ಹಿಂದಿನ ತಿಂಗಳದ್ದನ್ನು ಬರೆದಿಟ್ಟುಕೊಂಡು ಹೋಲಿಸಿ. ಹಬ್ಬ, ರಜೆ ಬಂದ ತಿಂಗಳನ್ನು ಸಾದಾ ತಿಂಗಳ ಜೊತೆ ತೂಗಬೇಡಿ. ರೀಲ್ಸ್‌ಗೆ ಬೇರೆ ಉಪಾಯ: "ವಾಟ್ಸಾಪಿನಲ್ಲಿ 'ಕುಯ್ಲು' ಎಂದು ಕಳಿಸಿದರೆ ದರಪಟ್ಟಿ ಕಳಿಸ್ತೀವಿ" ಎಂದು ಒಂದೊಂದು ರೀಲ್ಸ್‌ಗೆ ಒಂದೊಂದು ಪದ ಕೊಡಿ, ಯಾವುದರಿಂದ ಬಂದರು ಎಂದು ತಾನಾಗಿ ತಿಳಿಯುತ್ತದೆ. ಕೌಂಟರಿನಲ್ಲಿ ಹೊಸ ಮುಖ ಕಂಡರೆ "ಎಲ್ಲಿ ನೋಡಿ ಬಂದ್ರಿ?" ಎಂದು ಕೇಳಿ, ಬಿಲ್ಲಿನ ಮೂಲೆಯಲ್ಲಿ ಗೂಗಲ್ ಆದರೆ ಗೂ, ಇನ್‌ಸ್ಟಾಗ್ರಾಮ್ ಆದರೆ ಇ, ಯಾರೋ ಹೇಳಿ ಬಂದರೆ ಹೇ ಎಂದು ಗುರುತು ಹಾಕಿ.

ದರ ಏರಿದ ದಿನ ಹಳೆಯ ದರಪಟ್ಟಿಯ ಫೋಟೊವನ್ನು ಗೂಗಲ್, ಕ್ಯಾಟಲಾಗ್, ಇನ್‌ಸ್ಟಾಗ್ರಾಮ್ ಹೈಲೈಟ್ ಮೂರು ಕಡೆಯಿಂದಲೂ ತೆಗೆಯಿರಿ. ಒಂದು ಕಡೆ ಉಳಿದರೂ ಗಿರಾಕಿ ಅದನ್ನೇ ಹಿಡಿದುಕೊಂಡು ಬರುತ್ತಾರೆ.